ಒಂದು ಎಂಜಿನ್ ಸಾಕೋ, ಎರಡು ಬೇಕೋ?

ತುಂಗಭದ್ರಾ ಜಲಾಶಯ ತುಂಬಿ ನಿಂತರೆ ಅದರ ಹರವು ಸುಮಾರು 378 ಚದರ ಕಿಲೋಮೀಟರ್. ಪಕ್ಕದಲ್ಲೇ ಹಂಪಿ, ವರ್ಷವಿಡೀ ಪ್ರವಾಸಿಗರು. ಇಷ್ಟೆಲ್ಲ ಇದ್ದ ಮೇಲೆ ಹಿನ್ನೀರಿನಲ್ಲಿ ನಿಧಾನವಾಗಿ ಸುತ್ತಾಡಿಸುವ, ಬೇಕಿದ್ದರೆ ರಾತ್ರಿ ತಂಗಲೂ ಅನುಕೂಲವಿರುವ ಒಂದು ವಿಹಾರ ಬೋಟು ಯಾಕಿರಬಾರದು ಎಂಬ ಮಾತು ಬರುವುದು ಸಹಜ. ಅಂಥ ಬೋಟು ಕಟ್ಟಿಸಲು ಹೊರಟವರು ಬಣ್ಣ, ಸೋಫಾ, ಅಡುಗೆಮನೆಗಳಿಗಿಂತ ಮೊದಲು ತೀರ್ಮಾನಿಸಬೇಕಾದದ್ದು ಒಂದಿದೆ. ಒಳಗೆ ಕೂರಿಸುವ ಡೀಸೆಲ್ ಎಂಜಿನ್ ಒಂದೋ, ಎರಡೋ?

ಇದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಮುಂದೂಡುವಂತಿಲ್ಲ. ತಳದ ಆಕಾರ, ಶಾಫ್ಟ್ ಹೊರಬರುವ ಜಾಗ, ತೂಕದ ಹಂಚಿಕೆ, ಡೀಸೆಲ್ ಟ್ಯಾಂಕಿನ ಅಳತೆ ಎಲ್ಲವೂ ಇದರ ಮೇಲೆ ನಿಂತಿವೆ. ಬೋಟು ಬಲ್ಲವರ ನಡುವೆ ಈ ವಾದ ಹಳೆಯದು. ಒಂದು ಪಕ್ಷ ‘ಒಂದು ಕೆಟ್ಟರೆ ಇನ್ನೊಂದು ದಡ ಮುಟ್ಟಿಸುತ್ತದೆ’ ಎನ್ನುತ್ತದೆ. ಇನ್ನೊಂದು ಪಕ್ಷ ‘ಎರಡಿದ್ದರೆ ಕೆಡುವುದೂ ಎರಡು’ ಎನ್ನುತ್ತದೆ. ಎರಡೂ ಮಾತು ನಿಜವೇ. ಆದರೆ ಎರಡೂ ಪಕ್ಷಗಳು ಎಣಿಸುತ್ತಿರುವುದು ಎಂಜಿನ್‌ಗಳನ್ನು. ಎಣಿಸಬೇಕಾದದ್ದು ಕೈಕೊಡುವ ಕಾರಣಗಳನ್ನು. ಒಂದು ನಿಂತ ಕಾರಣಕ್ಕೇ ಇನ್ನೊಂದೂ ನಿಲ್ಲುವುದಾದರೆ ಎರಡಿದ್ದೂ ಒಂದೇ. ಈ ಲೇಖನದ ವಾದ ಇಷ್ಟೇ, ಉಳಿದದ್ದು ಅದರ ವಿವರ.

ಹುಟ್ಟಿನಿಂದ ಎಂಜಿನ್‌ವರೆಗೆ

ಈ ನದಿಯಲ್ಲಿ ಎಂಜಿನ್ ಹೊಸಬ, ಹರಿಗೋಲು ಹಳಬ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯೆಸ್, ಆನೆಗೊಂದಿಯ ಕಡೆಗೆ ಜನ ದಾಟುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಒಳಗೆ ಬಿದಿರು ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನರ ಜತೆಗೆ ಕುದುರೆ, ಎತ್ತುಗಳನ್ನೂ ಅವು ದಾಟಿಸುತ್ತಿದ್ದವು. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂದದ್ದು ಬಿಟ್ಟರೆ ಹರಿಗೋಲು ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಬಂಡೆಗೆ ತಗುಲಿದರೆ ಬಗ್ಗುತ್ತದೆ, ಗೇಣುದ್ದ ನೀರಿನಲ್ಲೂ ತೇಲುತ್ತದೆ, ಅಂಬಿಗನ ಕೈಯಲ್ಲಿ ಒಂದು ಹುಟ್ಟು ಇದ್ದರೆ ಸಾಕು. ಬಂಡೆ ತುಂಬಿದ ಈ ಹೊಳೆಗೆ ಅದಕ್ಕಿಂತ ಹೊಂದುವ ದೋಣಿಯನ್ನು ಯಾರೂ ಇನ್ನೂ ಮಾಡಿಲ್ಲ.

ದೋಣಿಯ ಬದಲು ಹಂಪಿ ಕಡೆಯ ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆ ಕಟ್ಟುವ ಪ್ರಯತ್ನವೂ ನಡೆಯಿತು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. 1999ರಲ್ಲಿ ಅಪಾಯದಂಚಿನ ಪಟ್ಟಿಗೆ ಹೋಯಿತು, ಅದಕ್ಕೆ ಈ ಸೇತುವೆಯೂ ಒಂದು ಕಾರಣ. ನಿಂತು ನಿಂತು ಸಾಗಿದ ಆ ಕಾಮಗಾರಿ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಜೀವ ತೆಗೆಯಿತು. ಹೀಗಾಗಿ ಇಲ್ಲಿ ದೋಣಿಯ ಋಣ ಬೇಗ ತೀರಲಿಲ್ಲ. ವಿರೂಪಾಕ್ಷ ಗುಡಿಯ ಕೆಳಗಿನ ಘಾಟಿನಿಂದ ಹೊಳೆಯಾಚೆಯ ವಿರೂಪಾಪುರ ಗಡ್ಡೆಗೆ ಪ್ರವಾಸಿಗರನ್ನು ದಾಟಿಸಿದ್ದು ಒಂದೇ ಎಂಜಿನ್‌ನ ಸಣ್ಣ ಮೋಟರ್ ಬೋಟು. ಹೊಳೆ ತುಂಬಿ ಬಂದರೆ ಅದನ್ನು ದಡಕ್ಕೆ ಕಟ್ಟಿಹಾಕುವುದೇ ಪದ್ಧತಿ. ಎರಡನೇ ಎಂಜಿನ್ ಬೇಕು ಎಂದು ಅಲ್ಲಿ ಯಾರಿಗೂ ಅನ್ನಿಸಿರಲಾರದು. ದಾಟುವ ದೂರ ಕೆಲವೇ ನಿಮಿಷದ್ದು, ಎಂಜಿನ್ ನಿಂತರೂ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ದಡ.

ಡೀಸೆಲ್ ಎಂಜಿನ್ ಮಾತ್ರ ಈ ಸೀಮೆಗೆ ಹೊಸತಲ್ಲ. ಕಂಪ್ಲಿಯ ಸುತ್ತಿನ ಭತ್ತ, ಕಬ್ಬು, ಬಾಳೆಗೆ ಹೊಳೆಯಿಂದ ನೀರೆತ್ತಿದ ಕಿರ್ಲೋಸ್ಕರ್ ಪಂಪ್‌ಸೆಟ್ಟುಗಳನ್ನು ರೈತರು ತಾವೇ ಬಿಚ್ಚಿ ಜೋಡಿಸಿದ್ದಾರೆ. ಸಂಡೂರಿನ ಗಣಿ ಅದಿರು ಹೊತ್ತ ಲಾರಿಗಳಿಂದಾಗಿ ಹೊಸಪೇಟೆಯಲ್ಲಿ ಡೀಸೆಲ್ ಪಂಪು, ನಾಜಲ್ ರಿಪೇರಿಯ ಗ್ಯಾರೇಜುಗಳು ಬೆಳೆದವು. ಬೋಟಿನ ಲೆಕ್ಕದಲ್ಲಿ ಇದು ದೊಡ್ಡ ಆಸ್ತಿ, ಆ ಮಾತಿಗೆ ಆಮೇಲೆ ಬರೋಣ.

ಒಂದೇ ಎಂಜಿನ್‌ನ ಪರ

ಒಂದೇ ಎಂಜಿನ್ ಇದ್ದರೆ ಶಾಫ್ಟು ಬೋಟಿನ ನಡುಮಧ್ಯದಲ್ಲಿ ಹೊರಬರುತ್ತದೆ. ಅದರ ಮುಂದೆ ತಳದ ನಡುದಿಂಡು, ಅಂದರೆ ಕೀಲ್, ಹಿಂದೆ ಚುಕ್ಕಾಣಿ. ನೀರೊಳಗಿನ ಮರದ ಬೊಡ್ಡೆಯೋ ಬಂಡೆಯೋ ಎದುರಾದರೆ ಮೊದಲ ಏಟು ಕೀಲ್‌ಗೆ ಬೀಳುತ್ತದೆ, ಪ್ರೊಪೆಲರ್ ಬಚಾವಾಗುತ್ತದೆ. ಪ್ರೊಪೆಲರ್ ತಳ್ಳಿದ ನೀರು ನೇರವಾಗಿ ಚುಕ್ಕಾಣಿಗೆ ಬಡಿಯುವುದರಿಂದ ನಿಧಾನ ವೇಗದಲ್ಲೂ ಬೋಟು ಮಾತು ಕೇಳುತ್ತದೆ. ಪ್ರೊಪೆಲರ್ ದೊಡ್ಡದಾಗಿರಬಹುದು, ನಿಧಾನ ತಿರುಗಬಹುದು. ನಿಧಾನಗತಿಯ ಭಾರದ ಬೋಟಿಗೆ ಅಂಥ ದೊಡ್ಡ ಪ್ರೊಪೆಲರೇ ಹೆಚ್ಚು ದಕ್ಷ.

ಖರ್ಚಿನ ಮಾತು ಇನ್ನೂ ಸರಳ. ಒಂದು ಎಂಜಿನ್, ಒಂದು ಗೇರ್‌ಬಾಕ್ಸ್, ಒಂದು ಶಾಫ್ಟ್, ಶಾಫ್ಟ್ ಹೊರಬರುವ ಕಡೆ ನೀರು ತಡೆಯುವ ಒಂದು ಗ್ಲಾಂಡ್. ಆಯಿಲ್, ಫಿಲ್ಟರ್, ಬೆಲ್ಟ್, ತಂಪು ನೀರಿನ ಪಂಪಿನ ಇಂಪೆಲರ್, ಎಲ್ಲ ಒಂದೊಂದೇ. ಎಂಜಿನ್ ಕೋಣೆಯಲ್ಲಿ ಎರಡೂ ಪಕ್ಕ ಜಾಗ ಉಳಿಯುವುದರಿಂದ ಮೆಕ್ಯಾನಿಕ್ ಸುತ್ತಲೂ ಕೂತು ಕೆಲಸ ಮಾಡಬಹುದು. ಕೈ ಆಡುವಷ್ಟು ಜಾಗವಿಲ್ಲದ ಕಡೆ ಸರ್ವಿಸ್ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದ ಸರ್ವಿಸ್ ಒಂದು ದಿನ ನೀರಿನ ನಡುವೆ ಲೆಕ್ಕ ಚುಕ್ತಾ ಮಾಡುತ್ತದೆ.

ಒಂಟಿ ಎಂಜಿನ್‌ಗೆ ಕುಂದೂ ಇದೆ. ರಿವರ್ಸ್ ಹಾಕಿದಾಗ ಬೋಟಿನ ಹಿಂಭಾಗ ಒಂದು ಪಕ್ಕಕ್ಕೆ ಸರಿಯುತ್ತದೆ. ಬಲಗಡೆ ತಿರುಗುವ ಪ್ರೊಪೆಲರ್ ಆದರೆ ಎಡಕ್ಕೆ. ಪಳಗಿದ ಚಾಲಕ ಈ ಗುಣವನ್ನೇ ಬಳಸಿಕೊಂಡು ಜೆಟ್ಟಿಗೆ ಅಂಟಿಸಿ ನಿಲ್ಲಿಸುತ್ತಾನೆ. ಹೊಸಬ ಅದೇ ಜೆಟ್ಟಿಗೆ ಗುದ್ದುತ್ತಾನೆ. ಇನ್ನೊಂದು ಕುಂದು ಎಲ್ಲರಿಗೂ ಗೊತ್ತಿರುವಂಥದು: ನಿಂತರೆ ನಿಂತಿತು.

ಜೋಡಿ ಎಂಜಿನ್‌ನ ಪರ

ಎರಡು ಎಂಜಿನ್ ಬೋಟಿನ ನಿಜವಾದ ಸುಖ ಗೊತ್ತಾಗುವುದು ದಡದ ಹತ್ತಿರ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಹಾಕಿದರೆ ಬೋಟು ನಿಂತಲ್ಲೇ ತಿರುಗುತ್ತದೆ, ಚುಕ್ಕಾಣಿ ಮುಟ್ಟುವುದೂ ಬೇಡ. ಪಕ್ಕದ ಗಾಳಿ ಜೋರಾಗಿ ಬೀಸುವಾಗ, ಇಕ್ಕಟ್ಟಾದ ಜೆಟ್ಟಿಯಲ್ಲಿ ನಲವತ್ತು ಜನರನ್ನು ಇಳಿಸುವಾಗ ಇದು ಸಣ್ಣ ಅನುಕೂಲವೇನಲ್ಲ. ಅದೇ ಒಟ್ಟು ಶಕ್ತಿ ಎರಡು ಚಿಕ್ಕ ಪ್ರೊಪೆಲರ್‌ಗಳಿಗೆ ಹಂಚಿಹೋಗುವುದರಿಂದ ಬೋಟಿಗೆ ಬೇಕಾದ ನೀರಿನ ಆಳವೂ ಕಡಿಮೆಯಾಗುತ್ತದೆ. ಮುಖ್ಯವಾಗಿ, ಒಂದರ ಗೇರ್‌ಬಾಕ್ಸ್ ಮುರಿದರೂ, ಒಂದರ ಪ್ರೊಪೆಲರ್‌ಗೆ ಬಲೆ ಸುತ್ತಿದರೂ ಮನೆಗೆ ಬರಬಹುದು.

ಆದರೆ ಜೋಡಿಯ ಪ್ರೊಪೆಲರ್‌ಗಳು ಕೀಲ್‌ನ ಮರೆಯಲ್ಲಿರುವುದಿಲ್ಲ. ಎರಡೂ ಪಕ್ಕಕ್ಕೆ ಚಾಚಿಕೊಂಡು, ಬಂಡೆ ಬೊಡ್ಡೆಗಳಿಗೆ ಮುಖ ಕೊಟ್ಟು ನಿಂತಿರುತ್ತವೆ. ಒಂದು ನಿಂತ ಮೇಲೆ ಇನ್ನೊಂದರಲ್ಲಿ ಸಾಗುವುದೂ ಅಂದುಕೊಂಡಷ್ಟು ಸಲೀಸಲ್ಲ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿ ಪಕ್ಕಕ್ಕೆ ಎಳೆಯುವ ಹಾಗೆ ಬೋಟು ಒಂದೇ ಕಡೆಗೆ ತಿರುಗುತ್ತ ಓಡುತ್ತದೆ. ಚುಕ್ಕಾಣಿಯನ್ನು ಉದ್ದಕ್ಕೂ ಎದುರು ದಿಕ್ಕಿಗೆ ಹಿಡಿದೇ ಇರಬೇಕು. ನಿಂತ ಪ್ರೊಪೆಲರ್ ನೀರಿನಲ್ಲಿ ಎಳೆಯುತ್ತಿರುತ್ತದೆ. ನೀರಿನ ಮೇಲೆ ಎದ್ದು ಹಾರುವ ವೇಗದ ಬೋಟಾದರೆ ಒಂದು ಎಂಜಿನ್‌ನಲ್ಲಿ ಅದು ಮೇಲೇಳುವುದೇ ಇಲ್ಲ, ತೆವಳುತ್ತದೆ.

ವೇಗ, ಡೀಸೆಲ್, ಸಂಭವ

ಭಾವನೆ ಬಿಟ್ಟು ಅಂಕಿಗೆ ಬಂದರೆ ಕೆಲವು ನಂಬಿಕೆಗಳು ಅಲ್ಲಾಡುತ್ತವೆ.

ನೀರನ್ನು ಸೀಳಿಕೊಂಡು ಹೋಗುವ ಭಾರದ ಬೋಟಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿನ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. 36 ಅಡಿಯ ಬೋಟಿಗೆ ಸುಮಾರು 8 ನಾಟ್, ಅಂದರೆ ಗಂಟೆಗೆ 15 ಕಿಲೋಮೀಟರ್. ಅದರಾಚೆ ಎಷ್ಟು ಎಂಜಿನ್ ತುಂಬಿದರೂ ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಒದ್ದಾಡುತ್ತದೆ, ಡೀಸೆಲ್ ಸುಡುತ್ತದೆ.

ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗವನ್ನು ಐದರಲ್ಲಿ ಒಂದು ಭಾಗ ಇಳಿಸಿದರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಇದನ್ನೇ ತಿರುಗಿಸಿ ನೋಡಿ: ಜೋಡಿಯಲ್ಲಿ ಒಂದು ಎಂಜಿನ್ ನಿಂತು ಶಕ್ತಿ ಅರ್ಧವಾದರೆ ವೇಗ ಅರ್ಧವಾಗುವುದಿಲ್ಲ, ಲೆಕ್ಕದ ಪ್ರಕಾರ ನೂರರಲ್ಲಿ ಎಂಬತ್ತರಷ್ಟು ಉಳಿಯುತ್ತದೆ. ನಿಂತ ಪ್ರೊಪೆಲರಿನ ಎಳೆತ ಕಳೆದರೂ ಮುಕ್ಕಾಲಿನ ಆಸುಪಾಸು ಸಿಗಬಹುದು. ನಿಧಾನಗತಿಯ ಬೋಟಿನಲ್ಲಿ ಜೋಡಿ ಎಂಜಿನ್ ನಿಜಕ್ಕೂ ಮನೆ ಮುಟ್ಟಿಸುತ್ತದೆ ಎನ್ನಲು ಇದು ಆಧಾರ. ಆದರೆ ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಮುಖ್ಯ ಎಂಜಿನ್‌ನ ಎಂಟನೇ ಒಂದು ಭಾಗದಷ್ಟು ಶಕ್ತಿಯ ಪುಟ್ಟ ಎಂಜಿನ್ ಕೂಡ ನಿಂತ ನೀರಿನಲ್ಲಿ ಹತ್ತಿರಹತ್ತಿರ ಅರ್ಧ ವೇಗದಲ್ಲಿ ದಡಕ್ಕೆ ತಂದುಬಿಡುತ್ತದೆ.

ಡೀಸೆಲ್ ವಿಚಾರದಲ್ಲಿ ‘ಎರಡಿದ್ದರೆ ಖರ್ಚು ದುಪ್ಪಟ್ಟು’ ಎಂಬುದು ತಪ್ಪು ಗ್ರಹಿಕೆ. ಬೋಟು ಕೇಳುವುದು ಒಟ್ಟು ಶಕ್ತಿಯನ್ನು. 30 ಕಿಲೋವ್ಯಾಟ್, ಅಂದರೆ ಸುಮಾರು 40 ಎಚ್‌ಪಿ ಬೇಕಾದರೆ, ಸರಿಯಾದ ಭಾರದಲ್ಲಿ ಓಡುವ ಒಂದು ಎಂಜಿನ್ ಗಂಟೆಗೆ ಅಂದಾಜು 8 ಲೀಟರ್ ಕುಡಿಯುತ್ತದೆ. ಅದನ್ನೇ ಎರಡು ಹಂಚಿಕೊಂಡರೆ ಒಂದು ಲೀಟರಿನಷ್ಟು ಹೆಚ್ಚಾಗಬಹುದು. ನಷ್ಟ ಬೇರೆ ಕಡೆ ಇದೆ. ಭಾರವಿಲ್ಲದೆ ಗಂಟೆಗಟ್ಟಲೆ ಓಡುವ ಡೀಸೆಲ್ ಎಂಜಿನ್ ಬಿಸಿಯೇರದೆ ಇಂಗಾಲ ಕಟ್ಟಿಕೊಳ್ಳುತ್ತದೆ, ಸಿಲಿಂಡರಿನ ಒಳಮೈ ಗಾಜಿನಂತೆ ನುಣುಪಾಗಿ ಆಯಿಲ್ ತಿನ್ನತೊಡಗುತ್ತದೆ. ವಿಹಾರ ಬೋಟಿನಲ್ಲಿ ದೊಡ್ಡ ಎಂಜಿನ್ ಎರಡು ಹಾಕಿ ಆಮೆ ವೇಗದಲ್ಲಿ ಓಡಿಸುವವರು ಕೊಳ್ಳುವ ರೋಗ ಇದು. ಸರ್ವಿಸ್ ಖರ್ಚು ಮಾತ್ರ ನಿಜವಾಗಿಯೂ ದುಪ್ಪಟ್ಟು.

ಇನ್ನು ಸಂಭವದ ಲೆಕ್ಕ. ನೂರು ಸಲ ಹೊರಟರೆ ಒಂದು ಸಲ ಒಂದು ಎಂಜಿನ್ ಕೈಕೊಡುತ್ತದೆ ಎಂದು ಲೆಕ್ಕಕ್ಕಷ್ಟೇ ಇಟ್ಟುಕೊಳ್ಳೋಣ. ಜೋಡಿಯಿದ್ದರೆ ಯಾವುದಾದರೂ ಒಂದು ನಿಲ್ಲುವ ಸಂದರ್ಭ ನೂರಕ್ಕೆ ಎರಡಾಗುತ್ತದೆ. ಅಂದರೆ ಜೋಡಿಯ ಮಾಲೀಕ ಹೆಚ್ಚು ರಿಪೇರಿ ಕಾಣುತ್ತಾನೆ. ಎರಡೂ ಒಟ್ಟಿಗೆ ನಿಲ್ಲುವ ಸಂದರ್ಭ ಹತ್ತು ಸಾವಿರಕ್ಕೆ ಒಂದು. ಕೇಳಲು ಹಿತವಾಗಿದೆ. ಆದರೆ ಆ ನಿಲುಗಡೆಗಳಲ್ಲಿ ಕಾಲು ಭಾಗ ಕೆಟ್ಟ ಡೀಸೆಲ್‌ನಂಥ, ಎರಡಕ್ಕೂ ಒಟ್ಟಿಗೇ ತಟ್ಟುವ ಕಾರಣದಿಂದ ಆದರೆ? ಆಗ ಎರಡೂ ನಿಲ್ಲುವ ಸಂದರ್ಭ ನಾನೂರಕ್ಕೆ ಒಂದು. ನೂರು ಪಟ್ಟು ಎಂದುಕೊಂಡ ಸುರಕ್ಷೆ ನಾಲ್ಕು ಪಟ್ಟಿಗೆ ಇಳಿಯಿತು. ವಾದದ ಗಂಟು ಇರುವುದು ಇಲ್ಲಿ.

ಮೂವತ್ತಮೂರು ಗೇಟುಗಳ ಪಾಠ

ಈ ಗಂಟನ್ನು ಅರ್ಥ ಮಾಡಿಕೊಳ್ಳಲು ಹೊಸಪೇಟೆಯವರು ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿಗೆ 33 ಗೇಟುಗಳಿವೆ. ಆದರೆ ಹೋದ ಗೇಟಿನ ಕೆಲಸವನ್ನು ಉಳಿದ 32 ಮಾಡಲಾರವು, ಯಾಕೆಂದರೆ ಪ್ರತಿ ಗೇಟು ತನ್ನ ಕಿಂಡಿಯನ್ನಷ್ಟೇ ಮುಚ್ಚುತ್ತದೆ. ಆ ಕಿಂಡಿಗೆ ಅಡ್ಡ ಇಳಿಸುವ ಸ್ಟಾಪ್‌ಲಾಗ್‌ಗಳು ಸಿದ್ಧವಿರಲಿಲ್ಲ. ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಅವನ್ನು ತರಾತುರಿಯಲ್ಲಿ ಮಾಡಿಸಿ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಇಳಿಸಿ, ವಾರದೊಳಗೆ ನೀರು ನಿಲ್ಲಿಸಿದ್ದು ಸಾಹಸವೇ ಸರಿ. ಅಷ್ಟರಲ್ಲಿ ಸಾಕಷ್ಟು ನೀರು ಹೊಳೆ ಪಾಲಾಗಿತ್ತು.

ಪಾಠ ಅಲ್ಲಿಗೆ ಮುಗಿಯಲಿಲ್ಲ. 1953ರಲ್ಲಿ ನೀರು ನಿಲ್ಲಿಸತೊಡಗಿದ ಅಣೆಕಟ್ಟಿನ ಗೇಟುಗಳೆಲ್ಲ ಒಂದೇ ಕಾಲದವು, ಒಂದೇ ಬಗೆಯವು, ಒಂದೇ ನೀರಿನಲ್ಲಿ ನಿಂತವು. ಒಂದರ ಸರಪಳಿ ಸವೆದಿದೆ ಎಂದರೆ ಉಳಿದವುಗಳ ಮೇಲೂ ಅನುಮಾನ ಬರಲೇಬೇಕು. ಮುಂದಿನ ವರ್ಷ ಜಲಾಶಯವನ್ನು ಪೂರ್ತಿ ತುಂಬಿಸದೆ ಸುಮಾರು 80 ಟಿಎಂಸಿಗೆ ನಿಲ್ಲಿಸಿದ್ದು, ಎಲ್ಲ ಗೇಟು ಬದಲಿಸಲು ಹೊರಟದ್ದು ಇದೇ ಕಾರಣಕ್ಕೆ. ಸಂಖ್ಯೆ ಎಷ್ಟಿದ್ದರೂ ವಯಸ್ಸು, ತಯಾರಿಕೆ, ನಿರ್ವಹಣೆ ಒಂದೇ ಆಗಿದ್ದರೆ ಅವು ಪರಸ್ಪರರಿಗೆ ಭರವಸೆಯಲ್ಲ.

ಒಂದೇ ದಿನ ಕೊಂಡ, ಒಂದೇ ಟ್ಯಾಂಕಿನಿಂದ ಕುಡಿಯುವ, ಒಂದೇ ಬ್ಯಾಟರಿಯಿಂದ ಸ್ಟಾರ್ಟ್ ಆಗುವ, ಒಂದೇ ದಿನ ಸರ್ವಿಸ್ ತಪ್ಪಿಸಿಕೊಂಡ ಜೋಡಿ ಎಂಜಿನ್‌ಗಳ ಪಾಡೂ ಇದೇ.

ಡೀಸೆಲ್ ಎಂಜಿನ್ ನಿಲ್ಲುವುದು ಯಾತಕ್ಕೆ

ಡೀಸೆಲ್ ಎಂಜಿನ್‌ಗೆ ಪ್ಲಗ್ಗಿನ ಕಿಡಿ ಬೇಡ. ಗಾಳಿ ಬೇಕು, ಒತ್ತಡ ಬೇಕು, ಶುದ್ಧವಾದ ಡೀಸೆಲ್ ಬೇಕು. ಒಮ್ಮೆ ಓಡಲು ಶುರುವಾದ ಮೇಲೆ ಅದರ ಕಬ್ಬಿಣ ಸುಮ್ಮಸುಮ್ಮನೆ ಮುರಿಯುವುದು ಅಪರೂಪ. ನಿಲ್ಲಿಸುವುದು ಹೆಚ್ಚಾಗಿ ಸಣ್ಣಪುಟ್ಟ ಸಂಗತಿಗಳು: ಡೀಸೆಲ್‌ಗೆ ಸೇರಿದ ನೀರು, ಕಟ್ಟಿಕೊಂಡ ಫಿಲ್ಟರ್, ಪೈಪಿನಲ್ಲಿ ಸೇರಿದ ಗಾಳಿ, ಹರಿದ ಇಂಪೆಲರ್, ತುಂಡಾದ ಬೆಲ್ಟ್, ಸತ್ತ ಬ್ಯಾಟರಿ.

ನೀರು ಬೇರ್ಪಡಿಸುವ ಫಿಲ್ಟರಿನ ಅಡಿಯಲ್ಲಿ ಒಂದು ಪಾರದರ್ಶಕ ಬಟ್ಟಲು ಇರುತ್ತದೆ. ಹಿನ್ನೀರಿನ ಬೋಟು ಕೆಲವು ವಾರ ನಿಂತಿತ್ತು, ಟ್ಯಾಂಕು ಅರ್ಧ ಖಾಲಿಯಿತ್ತು ಎನ್ನಿ. ಹಗಲಿನ ಬಿಸಿಲಿಗೆ, ರಾತ್ರಿಯ ತಂಪಿಗೆ ಟ್ಯಾಂಕಿನ ಒಳಮೈಯಲ್ಲಿ ಬೆವರಿದ ನೀರು ಇಳಿದು ತಳ ಸೇರುತ್ತದೆ. ಬೋಟು ಅಲ್ಲಾಡಿದಾಗ ಆ ನೀರು, ತಳದ ಕೆಸರು, ನೀರು ಡೀಸೆಲ್ ಕೂಡುವ ಗೆರೆಯಲ್ಲಿ ಬೆಳೆದ ಕಪ್ಪು ಲೋಳೆ ಎಲ್ಲ ಪೈಪು ಹತ್ತುತ್ತವೆ. ಬಟ್ಟಲಿನಲ್ಲಿ ಮೇಲೆ ಹೊನ್ನಿನ ಬಣ್ಣದ ಡೀಸೆಲ್, ಕೆಳಗೆ ಮಂಕು ನೀರು, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ದಿನಾ ಹೊರಡುವ ಮುನ್ನ ಕೆಳಗಿನ ತಿರುಪು ಸಡಿಲಿಸಿ ಆ ನೀರು ಬಿಟ್ಟರೆ ಮುಗಿಯಿತು. ಬಿಡದಿದ್ದರೆ ನೀರಿನ ನಡುವೆ ಎಂಜಿನ್ ತಡವರಿಸಿ ನಿಲ್ಲುತ್ತದೆ.

ಆಮೇಲೆ ಮಾಡಬೇಕಾದದ್ದು ಹೊಸಪೇಟೆಯ ಯಾವ ಲಾರಿ ಮೆಕ್ಯಾನಿಕ್‌ಗೂ ಗೊತ್ತು. ‘ಏರ್ ಹಿಡಿದೈತಿ’ ಎಂದು ಫಿಲ್ಟರ್ ತಲೆಯ ತಿರುಪು ಅರ್ಧ ಸುತ್ತು ಸಡಿಲಿಸಿ, ಪಕ್ಕದ ಕೈಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋಗುತ್ತಾರೆ. ಮೊದಲು ಬುಸುಬುಸು ಗಾಳಿ, ಆಮೇಲೆ ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಧಾರೆ. ಧಾರೆ ನೆಟ್ಟಗಾದ ಕ್ಷಣ ತಿರುಪು ಬಿಗಿ. ಐದು ನಿಮಿಷದ ಕೆಲಸ, ಒಂದು ಸ್ಪ್ಯಾನರ್, ಒಂದು ಬಟ್ಟೆ ಚೂರು. ಇದು ಗೊತ್ತಿರುವ ಒಬ್ಬ ಮನುಷ್ಯ ಬೋಟಿನಲ್ಲಿದ್ದರೆ ಅವನೇ ಅರ್ಧ ಎಂಜಿನ್‌ಗೆ ಸಮ.

ಎರಡು ಎಂಜಿನ್ ಹಾಕಿಸುವವರು ಟ್ಯಾಂಕು ಎರಡು, ಫಿಲ್ಟರ್ ಸಾಲು ಎರಡು, ಬ್ಯಾಟರಿ ಎರಡು, ತಂಪಿನ ನೀರು ಎಳೆಯುವ ಕಿಂಡಿ ಎರಡು ಎಂದು ಪಟ್ಟು ಹಿಡಿಯಬೇಕು. ಇಲ್ಲವಾದರೆ ದುಡ್ಡು ಕೊಟ್ಟು ತಂದದ್ದು ಒಂದೇ ಎಂಜಿನ್, ಎರಡು ತುಂಡಾಗಿ.

ಉಳಿದವರು ಏನು ಮಾಡಿದ್ದಾರೆ

ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳು ಹತ್ತಾರು ದಿನ ಕಡಲಲ್ಲಿದ್ದು ಬರುತ್ತವೆ. ಅವುಗಳ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಡೀಸೆಲ್ ಎಂಜಿನ್. ಎಂಜಿನ್ ಕೆಟ್ಟರೆ ಬೋಟಿನ ನಾಯಕ ತಾಂಡೇಲ ವೈರ್‌ಲೆಸ್ಸಿನಲ್ಲಿ ಕೂಗುತ್ತಾನೆ, ಹತ್ತಿರದ ಬೋಟು ಹಗ್ಗ ಕಟ್ಟಿ ಎಳೆದು ತರುತ್ತದೆ. ಪ್ರೊಪೆಲರ್‌ಗೆ ಬಲೆ ಸುತ್ತಿಕೊಂಡರೆ ಈಜು ಬಲ್ಲವನೊಬ್ಬ ಕತ್ತಿ ಹಿಡಿದು ಇಳಿಯುತ್ತಾನೆ. ಅವರ ಎರಡನೇ ಎಂಜಿನ್ ಇರುವುದು ಪಕ್ಕದ ಬೋಟಿನಲ್ಲಿ. 1953ರಲ್ಲಿ ಕೇರಳದ ನೀಂಡಕರದಲ್ಲಿ ಶುರುವಾಗಿ ಆಮೇಲೆ ಕಾರವಾರಕ್ಕೂ ಬಂದ ಇಂಡೋ-ನಾರ್ವೇಜಿಯನ್ ಯೋಜನೆಯ ಕಾಲದಿಂದ ನಮ್ಮ ಕರಾವಳಿ ಮೀನುಗಾರಿಕೆ ಯಂತ್ರ ಹಿಡಿದು ಬೆಳೆದದ್ದು ಹೀಗೇ, ಒಂಟಿ ಎಂಜಿನ್ ಮತ್ತು ಸುತ್ತಲಿನ ಜನರ ನಂಬಿಕೆಯ ಮೇಲೆ.

ಕರಾವಳಿ ಕಾವಲು ಪಡೆಯ ಇಂಟರ್‌ಸೆಪ್ಟರ್ ಬೋಟುಗಳದ್ದು ಬೇರೆ ಕಥೆ. 45 ನಾಟ್ ವೇಗದಲ್ಲಿ ಬೆನ್ನಟ್ಟಬೇಕಾದ ಅವಕ್ಕೆ ಎರಡು ಡೀಸೆಲ್, ಪ್ರೊಪೆಲರ್ ಬದಲು ವಾಟರ್‌ಜೆಟ್. ಅಷ್ಟು ಶಕ್ತಿಯನ್ನು ಚಿಕ್ಕ ಒಡಲಿನಲ್ಲಿ ತುಂಬಲು ಬೇರೆ ದಾರಿಯಿಲ್ಲ. ಇನ್ನೊಂದು ತುದಿಯಲ್ಲಿ, 2017-18ರಲ್ಲಿ ನೌಕಾಪಡೆಯ ಆರು ಮಹಿಳೆಯರು ಜಗತ್ತು ಸುತ್ತಿಬಂದ ಐಎನ್‌ಎಸ್‌ವಿ ತಾರಿಣಿಯಂಥ ಹಾಯಿದೋಣಿಗಳು. ಅಲ್ಲಿ ಗಾಳಿಯೇ ಮುಖ್ಯ ಎಂಜಿನ್, ಡೀಸೆಲ್ ಬರೀ ಸಹಾಯಕ.

ಡೀಸೆಲ್ ವಿಹಾರ ಬೋಟಿನಲ್ಲಿ ಸಾಗರ ದಾಟಬಹುದು ಎಂದು ತೋರಿಸಿದವರಲ್ಲಿ ಅಮೆರಿಕದ ರಾಬರ್ಟ್ ಬೀಬಿ ಮುಖ್ಯ. 1963ರಲ್ಲಿ ಸಿಂಗಪುರದಲ್ಲಿ ಕಟ್ಟಿಸಿದ ಅವರ 50 ಅಡಿಯ ‘ಪ್ಯಾಸೇಜ್‌ಮೇಕರ್’ಗೆ ಇದ್ದದ್ದು ಒಂದೇ ಎಂಜಿನ್. ಅದೇ ಹಾದಿಯಲ್ಲಿ ಬಂದ ನಾರ್ಡ್‌ಹ್ಯಾವ್ನ್ ಬೋಟುಗಳಲ್ಲಿ ಹಲವಕ್ಕೆ ಒಂದು ದೊಡ್ಡ ಎಂಜಿನ್, ಪಕ್ಕದಲ್ಲಿ ತನ್ನದೇ ಶಾಫ್ಟು ಪ್ರೊಪೆಲರ್ ಇರುವ ಒಂದು ಪುಟ್ಟ ಎಂಜಿನ್. ಒಂದೂ ಅಲ್ಲದ, ಜೋಡಿಯೂ ಅಲ್ಲದ ಈ ಮೂರನೇ ದಾರಿ ನಮಗೆ ಬೇಕಾದದ್ದು.

ಸಾಗರದ ದೊಡ್ಡ ಸರಕು ಹಡಗುಗಳಲ್ಲೂ ಬಹುಪಾಲು ಒಂದೇ ಎಂಜಿನ್, ಒಂದೇ ಪ್ರೊಪೆಲರ್. ನಡುಗಡಲಲ್ಲಿ ನಿಂತರೆ ರಿಪೇರಿ ಮಾಡಿಕೊಳ್ಳಲು ಸಮಯವಿದೆ. ಇಕ್ಕಟ್ಟಿನಲ್ಲಿ ನಿಂತರೆ ಇಲ್ಲ. 2024ರ ಮಾರ್ಚ್ 26ರಂದು ಬಾಲ್ಟಿಮೋರ್‌ನಲ್ಲಿ ‘ಡಾಲಿ’ ಹಡಗಿನ ವಿದ್ಯುತ್ ಹೋಗಿ, ಅದರೊಂದಿಗೆ ಒಂದೇ ಒಂದು ಮುಖ್ಯ ಎಂಜಿನ್ ನಿಂತು, ಹಡಗು ಸೇತುವೆಯ ಕಂಬಕ್ಕೆ ಬಡಿಯಿತು. ಆರು ಜನ ಸತ್ತರು. ಮೊದಲು ಹೋದದ್ದು ವಿದ್ಯುತ್ ಎಂಬುದನ್ನು ಗಮನಿಸಬೇಕು. ಅದೇ ವಿದ್ಯುತ್ತನ್ನು ನೆಚ್ಚಿಕೊಂಡ ಎರಡನೇ ಎಂಜಿನ್ ಇದ್ದಿದ್ದರೂ ಅದೂ ನಿಲ್ಲುತ್ತಿತ್ತು.

ಜನ ಸಾಯುವುದು ಎಲ್ಲಿ

ಪ್ರವಾಸಿ ಬೋಟುಗಳ ದುರಂತಗಳ ಸಾಲು ನೋಡಿದರೆ ಎಂಜಿನ್ ಸಂಖ್ಯೆಯ ಚರ್ಚೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. 2009ರ ಸೆಪ್ಟೆಂಬರಿನಲ್ಲಿ ತೇಕ್ಕಡಿಯಲ್ಲಿ ಬೋಟು ಮಗುಚಿ 45 ಜನ ಸತ್ತರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಇವು ಮಗುಚಿದ ಕಥೆಗಳು: ಮಿತಿ ಮೀರಿದ ಜನ, ಒಂದೇ ಪಕ್ಕಕ್ಕೆ ಸರಿದ ಭಾರ, ಸ್ಥಿರತೆಯಿಲ್ಲದ ಒಡಲು, ಹಾಕಿಕೊಳ್ಳದ ಲೈಫ್ ಜಾಕೆಟ್. ಅದೇ 2019ರ ಆಗಸ್ಟ್ ಪ್ರವಾಹದಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ನೂರಾರು ಜನರನ್ನು ಹೊರತರುವಾಗ ರಕ್ಷಣೆಗೆ ಹೋದ ಬೋಟೇ ಮಗುಚಿ, ಸಿಬ್ಬಂದಿಯನ್ನು ಹೆಲಿಕಾಪ್ಟರಿನಿಂದ ಎತ್ತಬೇಕಾಯಿತು. ಡ್ಯಾಮಿನಿಂದ ಲಕ್ಷ ಕ್ಯೂಸೆಕ್ ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುವ ಹೊಳೆಯಲ್ಲಿ ಎಂಜಿನ್ ಒಂದೋ ಎರಡೋ ಎಂಬುದು ಪ್ರಶ್ನೆಯೇ ಅಲ್ಲ. ಬೋಟು ಇಳಿಸಬಾರದು, ಅಷ್ಟೇ.

1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗು ಕಾಯ್ದೆ ನೋಂದಣಿ, ಸರ್ವೆ, ಚಾಲಕರ ಅರ್ಹತೆ, ವಿಮೆ ಕೇಳುತ್ತದೆ. ಎರಡನೇ ಎಂಜಿನ್‌ಗೆ ಇಡುವ ದುಡ್ಡಿನಲ್ಲಿ ಮೊದಲು ಇವಕ್ಕೆ, ಅಗಲವಾದ ಸ್ಥಿರ ಒಡಲಿಗೆ, ತಲೆಗೊಂದು ಜಾಕೆಟ್ಟಿಗೆ ಕೊಟ್ಟರೆ ಒಂದು ರೂಪಾಯಿಗೆ ಹೆಚ್ಚು ಜೀವ ಉಳಿಯುತ್ತವೆ.

ನಮ್ಮ ನೀರಿಗೆ ಯಾವುದು

ಹಾಗಾದರೆ ತೀರ್ಮಾನ ಏನು? ನೀರು ನೋಡಿ ಹೇಳಬೇಕು.

ಹಂಪಿಯ ಹೊಳೆ ಡೀಸೆಲ್ ವಿಹಾರ ಬೋಟಿಗೆ ಹೇಳಿದ್ದಲ್ಲ. ಬಂಡೆ, ಕಡಿಮೆ ನೀರು ಒಂದು ಕಡೆ. ಇನ್ನೊಂದು ಕಡೆ, ಡ್ಯಾಮಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಎಂಜಿನ್ನಿನ ಸದ್ದು, ತೇಲುವ ಆಯಿಲ್ ಎರಡೂ ಬೇಡ. ಹರಿಗೋಲು ಸಾಕು, ಅದರ ಜತೆಗೆ ಜಾಕೆಟ್ ಕಡ್ಡಾಯವಾಗಲಿ. ಸಂಡೂರಿನ ನಾರಿಹಳ್ಳ ಜಲಾಶಯದಂಥ ಚಿಕ್ಕ ನೀರಿಗೆ ಬ್ಯಾಟರಿಯ ಒಂದು ಮೋಟರ್, ಎರಡು ಹುಟ್ಟು ಧಾರಾಳ. 2023ರಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೋದ ಜೋಡಿ ಒಡಲಿನ ಬೋಟುಗಳು ಬ್ಯಾಟರಿಯಲ್ಲಿ ಓಡುತ್ತ ಡೀಸೆಲ್ ಜನರೇಟರನ್ನು ಆಪತ್ತಿಗೆ ಇಟ್ಟುಕೊಂಡಿವೆ. ಶಕ್ತಿಯ ಮೂಲವೇ ಬೇರೆಯಾಗಿರುವುದರಿಂದ ಅದು ನಿಜವಾದ ಎರಡನೇ ದಾರಿ.

ತುಂಗಭದ್ರೆಯ ಹಿನ್ನೀರಿನ ಗುಣವೇ ಬೇರೆ. ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದ ತಳ ಅದು, ಗೋಡೆ, ಬೊಡ್ಡೆ ಎಲ್ಲಿವೆ ಎಂದು ನೀರಿನ ಮೇಲೆ ಬರೆದಿರುವುದಿಲ್ಲ. ಹೂಳು ತುಂಬಿ ಸುಮಾರು 133 ಟಿಎಂಸಿಯ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿದೆ. ಬೇಸಿಗೆಯಲ್ಲಿ ನೀರು ಮೈಲಿಗಟ್ಟಲೆ ಹಿಂದೆ ಸರಿಯುತ್ತದೆ. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚಿನವರು, 2025ರ ಜುಲೈನಲ್ಲಿ ಸೇತುವೆ ಆಗುವವರೆಗೂ, ಬೇಸಿಗೆ ಬಂದರೆ ಎಂಜಿನ್‌ಗಿಂತ ನೀರಿನ ಮಟ್ಟಕ್ಕೇ ಹೆದರುತ್ತಿದ್ದರು. ಇದಕ್ಕೆ ಮೀನುಗಾರರ ನೈಲಾನ್ ಬಲೆಗಳನ್ನು, ಮುಂಗಾರಿನ ಗಾಳಿ ಎಬ್ಬಿಸುವ ಅಲೆಯನ್ನು ಸೇರಿಸಿಕೊಳ್ಳಿ.

ಇಂಥ ನೀರಿನಲ್ಲಿ ಮೂವತ್ತು ನಲವತ್ತು ಅಡಿಯ, ನಿಧಾನಗತಿಯ, ಹತ್ತು ಹದಿನೈದು ಜನರ ಬೋಟಿಗೆ ನನ್ನ ಮತ ಒಂದೇ ಡೀಸೆಲ್‌ಗೆ. 40ರಿಂದ 60 ಎಚ್‌ಪಿಯದು, ಕೀಲ್‌ನ ಮರೆಯಲ್ಲಿ ಪ್ರೊಪೆಲರ್, ಎಂಜಿನ್ ಮಾತ್ರ ಹೊಸಪೇಟೆಯಲ್ಲಿ ಬಿಡಿಭಾಗ ಸಿಗುವ ಲಾರಿ ಕುಲದ್ದು. ಅಶೋಕ್ ಲೇಲ್ಯಾಂಡ್‌ನಂಥ ಕಂಪನಿಗಳ ಲಾರಿ ಎಂಜಿನ್ ಕುಲದಿಂದ ಬಂದ ಮರೈನ್ ಎಂಜಿನ್‌ಗಳು ನಮ್ಮ ಕರಾವಳಿಯಲ್ಲಿ ಓಡುತ್ತಿವೆ, ಸಣ್ಣ ಬೋಟಿಗೆ ಆ ಸಾಲಿನ ಚಿಕ್ಕ ಎಂಜಿನ್ ನೋಡಬಹುದು. ವಿದೇಶಿ ಜೋಡಿ ಎಂಜಿನ್‌ನ ಒಂದು ಸೀಲ್ ಬರಲು ತಿಂಗಳು ಕಾಯುವುದಕ್ಕಿಂತ ಸಂಡೂರು ರಸ್ತೆಯ ಲಾರಿಗಳಿಗೆ ಸಿಗುವ ಫಿಲ್ಟರ್ ನಮ್ಮ ಬೋಟಿಗೂ ಹೊಂದಿದರೆ ಅದೇ ಸುರಕ್ಷೆ. ಜತೆಗೆ ಹಿಂಬದಿಗೆ ಒಂದು ಚಿಕ್ಕ ಔಟ್‌ಬೋರ್ಡ್, ತನ್ನದೇ ಇಂಧನ ಡಬ್ಬಿಯೊಂದಿಗೆ. ಅದು ಪೆಟ್ರೋಲಿನದ್ದಾದ್ದರಿಂದ ಕೆಟ್ಟ ಡೀಸೆಲ್ ಅದನ್ನು ಮುಟ್ಟಲಾರದು, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದಾದರೆ ಬ್ಯಾಟರಿಯ ಹಂಗೂ ಇಲ್ಲ. ಬಲೆ ಸುತ್ತಿದರೆ ಮೇಲೆತ್ತಿ ಕತ್ತರಿಸಬಹುದು. ಪೆಟ್ರೋಲ್ ಡಬ್ಬಿ ಮಾತ್ರ ಒಳಗೆ ಬೇಡ, ಗಾಳಿಯಾಡುವ ಹೊರಗಟ್ಟೆಯಲ್ಲಿರಲಿ. ಎಂಜಿನ್‌ನ ತಂಪಿಗೆ ಕೆಸರು ನೀರನ್ನು ಒಳಗೆಳೆಯುವ ಬದಲು ತಳದ ಹೊರಗೆ ಹಾಯುವ ಪೈಪಿನ ಮುಚ್ಚಿದ ಸುತ್ತು, ಕೀಲ್ ಕೂಲಿಂಗ್, ಒಳ್ಳೆಯದು. ಕೊನೆಯದಾಗಿ, ಸಾಕಷ್ಟು ತೂಕದ ಲಂಗರು ಮತ್ತು ಉದ್ದನೆಯ ಹಗ್ಗ. ಎಂಜಿನ್ ನಿಂತಾಗ ಮೊದಲು ಬೇಕಾಗುವುದು ಅದೇ. ಬೋಟು ಗಾಳಿಗೆ ಕೊಚ್ಚಿಹೋಗದೆ ನಿಂತರೆ ಫಿಲ್ಟರ್ ಬದಲಿಸಲು ಸಮಾಧಾನ ಸಿಗುತ್ತದೆ.

ನಲವತ್ತು ಐವತ್ತು ಜನ ಕೂರುವ ದೊಡ್ಡ ಬೋಟು, ಜೋಡಿ ಒಡಲಿನ ಕ್ಯಾಟಮರಾನ್, ಗಾಳಿಗೆ ಮೈಯೊಡ್ಡಿದ ಜೆಟ್ಟಿ, ವೇಗವೇ ಮುಖ್ಯವಾದ ರಕ್ಷಣಾ ಬೋಟು ಇವಕ್ಕೆ ಎರಡು ಎಂಜಿನ್ ಬೇಕು. ಆದರೆ ಟ್ಯಾಂಕು, ಫಿಲ್ಟರ್, ಬ್ಯಾಟರಿ ಬೇರೆಬೇರೆ ಎಂಬ ಷರತ್ತಿನ ಮೇಲೆ. ಸರ್ವಿಸ್ ಕೂಡ ಎರಡಕ್ಕೂ ಒಂದೇ ದಿನ ಮಾಡಿಸದೆ ಒಂದು ವಾರ ಹಿಂದೆಮುಂದೆ ಮಾಡಿಸುವುದು ಜಾಣತನ. ಮೆಕ್ಯಾನಿಕ್ ಮಾಡಿದ ಒಂದು ತಪ್ಪು ಎರಡಕ್ಕೂ ತಗುಲುವುದು ಆಗ ತಪ್ಪುತ್ತದೆ.

ಕೊಳ್ಳುವವರು ಮಾರುವವರನ್ನು ಕೇಳಬೇಕಾದ ಪ್ರಶ್ನೆ ‘ಎಂಜಿನ್ ಎಷ್ಟು?’ ಎಂಬುದಕ್ಕೆ ಮುಗಿಯಬಾರದು. ‘ಇದು ನಿಂತಾಗ ನಿಲ್ಲದೆ ಉಳಿಯುವುದು ಯಾವುದು, ಅದನ್ನು ಓಡಿಸಲು ಬರುವವನು ಯಾರು, ಕೊನೆಯ ಸಲ ಅದನ್ನು ಓಡಿಸಿ ನೋಡಿದ್ದು ಯಾವತ್ತು?’ ಈ ಮೂರಕ್ಕೂ ನೆಟ್ಟಗೆ ಉತ್ತರ ಬರುವ ಒಂಟಿ ಎಂಜಿನ್ ಬೋಟನ್ನು ಹತ್ತಬಹುದು. ಉತ್ತರ ಬಾರದ ಜೋಡಿ ಎಂಜಿನ್ ಬೋಟನ್ನು ದಡದಲ್ಲೇ ಬಿಡುವುದು ವಾಸಿ.